ವೈರಿಗೂ ಒಂದು ಹಾರೈಕೆ

ಮಂಗಳೂರಿನ ಅತ್ತಾವರದಲ್ಲಿ ಕಾಯುವ ಜನಕ್ಕೆ ಕೊರತೆಯಿಲ್ಲ. ಒಂದು ಮಗ್ಗುಲಲ್ಲಿ 1907ರಲ್ಲಿ ತೆರೆದ ರೈಲು ನಿಲ್ದಾಣ. ಇನ್ನೊಂದು ಮಗ್ಗುಲಲ್ಲಿ ದೊಡ್ಡ ಆಸ್ಪತ್ರೆ. ಅಲ್ಲಿ ಗಾಡಿಗಾಗಿ ಕಾಯುವವರು, ಇಲ್ಲಿ ರೋಗಿಗಾಗಿ ಕಾಯುವವರು. ಕಾಸರಗೋಡಿನಿಂದ, ಪುತ್ತೂರಿನಿಂದ, ಘಟ್ಟದ ಮೇಲಿನ ಊರುಗಳಿಂದ ಬಂದ ಬಂಧುಗಳು ಬೆಂಚಿನ ಮೇಲೆ ಒತ್ತಿಕೊಂಡು ಕುಳಿತಿರುತ್ತಾರೆ. ಭುಜಕ್ಕೆ ಭುಜ ತಾಗಿದ್ದರೂ ಒಬ್ಬರ ಹೆಸರು ಇನ್ನೊಬ್ಬರಿಗೆ ತಿಳಿಯದು. ಪಕ್ಕದವನ ಫೋನು ಜೋರಾಗಿ ಕೂಗಿತೆಂದು ಒಬ್ಬರಿಗೆ ಸಿಟ್ಟು. ಸರದಿ ತಪ್ಪಿಸಿ ಯಾರೋ ಮುಂದೆ ಹೋದರೆಂದು ಮತ್ತೊಬ್ಬರಿಗೆ ಕೋಪ. ಒಳಗೆ ಮಲಗಿರುವವರ ಬಗೆಗಿನ ಭಯವು ಹೀಗೆ ಹೊರಗಿನವರ ಮೇಲೆ ಸಿಡುಕಾಗಿ ಹರಿಯುವುದು ಮನುಷ್ಯ ಸ್ವಭಾವವೇ ಸರಿ. ಬೀದಿಗೆ ಬಂದರೂ ಕಥೆ ಬೇರೆಯಲ್ಲ. ಹಂಚಿನ ಮನೆಗಳು ಇದ್ದಲ್ಲಿ ಈಗ ಎದ್ದುನಿಂತಿರುವ ಬಹುಮಹಡಿ ಕಟ್ಟಡಗಳಲ್ಲಿ, ಕಾರು ನಿಲ್ಲಿಸುವ ಆರಡಿ ಜಾಗಕ್ಕಾಗಿ ವರ್ಷಗಟ್ಟಲೆ ಮಾತು ಬಿಟ್ಟವರು ಇಲ್ಲವೆ? ಅಳಿಯಸಂತಾನದ ಕುಟುಂಬಗಳಲ್ಲಿ ಪಾಲುಪಟ್ಟಿಯ ವ್ಯಾಜ್ಯ ಮುಗಿದು ತಲೆಮಾರು ಕಳೆದರೂ, ಮದುವೆಯ ಚಪ್ಪರದಲ್ಲಿ ಮುಖ ತಿರುಗಿಸಿಕೊಂಡು ನಡೆಯುವ ದಾಯಾದಿಗಳು ಇಲ್ಲವೆ?

ಈ ಕಾಯಿಲೆಗೆ ಹಿಂದಿನವರು ಕಂಡುಕೊಂಡಿದ್ದ ಒಂದು ಔಷಧವನ್ನು ಈಗ ಪಶ್ಚಿಮದ ವೈದ್ಯರೂ ಮನಶ್ಶಾಸ್ತ್ರಜ್ಞರೂ ಹೊಸದಾಗಿ ಪರೀಕ್ಷಿಸುತ್ತಿದ್ದಾರೆ. ಅದಕ್ಕೆ ಮೈತ್ರೀಭಾವನೆ ಎಂದು ಹೆಸರು. ಪಾಳಿ ಭಾಷೆಯಲ್ಲಿ ಅದು 'ಮೆತ್ತಾ'. ಪ್ರೀತಿಸು, ಕ್ಷಮಿಸು ಎಂಬ ಉಪದೇಶ ಎಲ್ಲ ಮತಗಳಲ್ಲಿಯೂ ಇದೆ. ಅದನ್ನು ಕೇಳದ ಕಿವಿಯಿಲ್ಲ. ಮೈತ್ರೀಭಾವನೆಯಾದರೋ ಉಪದೇಶವಲ್ಲ, ಸಾಧನೆ. ಸಂಗೀತಗಾರ ಸರಳೆ ವರಸೆಗಳಿಂದ ಮೊದಲಾಗಿ ಕಂಠವನ್ನು ತಿದ್ದುವಂತೆ, ಸುಲಭವಾದ ವ್ಯಕ್ತಿಯಿಂದ ಮೊದಲಾಗಿ ಕಠಿಣವಾದ ವ್ಯಕ್ತಿಯವರೆಗೆ ಮನಸ್ಸನ್ನು ಹಂತಹಂತವಾಗಿ ತಿದ್ದುವ ಕ್ರಮ.

ಕದ್ರಿಯ ಲೋಕೇಶ್ವರ

ಅತ್ತಾವರದವರಿಗೆ ಈ ವಿದ್ಯೆ ದೂರದೇಶದ್ದೆಂದು ತೋರಬೇಕಾಗಿಲ್ಲ. ಅಲ್ಲಿಂದ ಮೂರು ನಾಲ್ಕು ಕಿಲೋಮೀಟರು ದೂರದಲ್ಲಿ, ಕದ್ರಿಯ ಮಂಜುನಾಥ ದೇವಾಲಯದಲ್ಲಿ, ಮೂರು ಮುಖ ಆರು ಕೈಗಳ ಒಂದು ಕಂಚಿನ ವಿಗ್ರಹವಿದೆ. ಪೀಠದ ಮೇಲಿನ ಸಂಸ್ಕೃತ ಶಾಸನದ ಪ್ರಕಾರ ಅದು ಲೋಕೇಶ್ವರ. ಕ್ರಿ.ಶ. 968ರಲ್ಲಿ ಆಳುಪ ವಂಶದ ಕುಂದವರ್ಮನು ಅದನ್ನು ಕದರಿಕಾ ವಿಹಾರದಲ್ಲಿ ಸ್ಥಾಪಿಸಿದನು. ಲೋಕೇಶ್ವರನೆಂದರೆ ಬೌದ್ಧರ ಅವಲೋಕಿತೇಶ್ವರ. ಕರುಣೆಯೇ ಮೂರ್ತಿವೆತ್ತ ಬೋಧಿಸತ್ತ್ವ. ಟಿಬೆಟಿನ ಜನ ಇವನನ್ನೇ ಚೆನ್‌ರೆಸಿಗ್ ಎಂದು ಕರೆಯುತ್ತಾರೆ. 1960ರ ದಶಕದ ಆರಂಭದಲ್ಲಿ ದೇಶಭ್ರಷ್ಟರಾಗಿ ಬಂದು ಮೈಸೂರು ಜಿಲ್ಲೆಯ ಬೈಲಕುಪ್ಪೆಯಲ್ಲಿ ನೆಲೆಸಿದ ಟಿಬೆಟನ್ನರು ಇಂದಿಗೂ ಇವನ ಮಂತ್ರವನ್ನು ಜಪಿಸುತ್ತಾರೆ. ಕದ್ರಿಯಲ್ಲಿ ವಿಹಾರ ಹೋಯಿತು, ನಾಥಪಂಥದ ಜೋಗಿಗಳ ಮಠ ಬಂತು, ಮಂಜುನಾಥನ ದೇಗುಲ ಬೆಳೆಯಿತು. ಲೋಕೇಶ್ವರ ಮಾತ್ರ ಸಾವಿರ ವರ್ಷದಿಂದಲೂ ಕುಳಿತಲ್ಲೇ ಕುಳಿತಿದ್ದಾನೆ.

ಬೌದ್ಧರದೊಂದೇ ಸೊತ್ತೂ ಅಲ್ಲ ಇದು. ಪತಂಜಲಿಯ ಯೋಗಸೂತ್ರಗಳ ಮೊದಲನೆಯ ಪಾದದಲ್ಲಿ ಚಿತ್ತವು ತಿಳಿಯಾಗಲು ಮೈತ್ರಿ, ಕರುಣೆ, ಮುದಿತೆ, ಉಪೇಕ್ಷೆ ಎಂಬ ನಾಲ್ಕನ್ನು ಹೇಳಿದೆ. ಮೂಡುಬಿದಿರೆ ಕಾರ್ಕಳಗಳ ಜೈನರಿಗೆ ಪೂಜ್ಯವಾದ ಉಮಾಸ್ವಾತಿಯ ತತ್ತ್ವಾರ್ಥಸೂತ್ರದಲ್ಲಿಯೂ ಮೈತ್ರಿ, ಪ್ರಮೋದ, ಕಾರುಣ್ಯ, ಮಾಧ್ಯಸ್ಥ್ಯ ಎಂಬ ನಾಲ್ಕು ಭಾವನೆಗಳುಂಟು. ಆದರೆ ಇವೆರಡರಲ್ಲಿಯೂ ಹೆಸರುಗಳಿವೆಯೇ ಹೊರತು ಅಭ್ಯಾಸದ ವಿವರವಿಲ್ಲ. ಆ ವಿವರವನ್ನು ಕೂಲಂಕಷವಾಗಿ ಬರೆದಿಟ್ಟವನು ಐದನೆಯ ಶತಮಾನದಲ್ಲಿ ಸಿಂಹಳದ ಅನುರಾಧಪುರದಲ್ಲಿದ್ದ ಬುದ್ಧಘೋಷ. ಅವನ ವಿಸುದ್ಧಿಮಗ್ಗದ ಒಂಬತ್ತನೆಯ ಅಧ್ಯಾಯ ಈ ವಿಷಯಕ್ಕೇ ಮೀಸಲು. ಒಣ ಶಾಸ್ತ್ರವೆಂದು ಅಂಜಿ ಆ ಗ್ರಂಥವನ್ನು ತೆರೆದವರಿಗೆ ಅಲ್ಲಿ ಸಿಗುವುದು ಮನುಷ್ಯರ ದೌರ್ಬಲ್ಯಗಳನ್ನು ಚೆನ್ನಾಗಿ ಬಲ್ಲ, ಅಷ್ಟಿಷ್ಟು ಹಾಸ್ಯವೂ ಉಳ್ಳ ಒಬ್ಬ ಅನುಭವಿ.

ಯಾರಿಂದ ಮೊದಲು?

ಶಾಂತವಾಗಿ ಕುಳಿತು, ಮೊದಲು ತನಗೇ ಹಾರೈಸಿಕೊಳ್ಳಬೇಕು ಎನ್ನುತ್ತಾನೆ ಬುದ್ಧಘೋಷ: ಸುಖವಾಗಿರುವಂತಾಗಲಿ, ಭಯವಿಲ್ಲದಿರಲಿ, ವೈರವಿಲ್ಲದಿರಲಿ ಎಂದು. ಇದೇನು, ಸ್ವಾರ್ಥದಿಂದಲೇ ಆರಂಭವೆ? ಎಂದು ಕೇಳುವವರಿಗೆ ಅವನು ಕೊಡುವ ಉತ್ತರ ಸ್ವಾರಸ್ಯವಾಗಿದೆ. ನೂರು ವರ್ಷ ತನಗೊಬ್ಬನಿಗೇ ಹಾರೈಸಿಕೊಂಡರೂ ಸಮಾಧಿ ಸಿದ್ಧಿಸದು. ತಾನಿಲ್ಲಿ ಬರಿಯ ಸಾಕ್ಷಿ. ತನಗೆ ಸುಖ ಬೇಕು, ನೋವು ಬೇಡ ಎಂಬುದನ್ನು ಒಳಗೆ ಸ್ಪಷ್ಟವಾಗಿ ಕಂಡವನು ಮಾತ್ರ ಎದುರಿನವನಿಗೂ ಹಾಗೆಯೇ ಎಂದು ತಿಳಿಯಬಲ್ಲ.

ಎರಡನೆಯ ಮೆಟ್ಟಿಲು ಪೂಜ್ಯರದು: ವಿದ್ಯೆ ಕಲಿಸಿದ ಗುರು, ಕಷ್ಟಕಾಲದಲ್ಲಿ ಕೈಹಿಡಿದ ಹಿರಿಯ. ಅವರ ಒಂದು ಉಪಕಾರವನ್ನು ನೆನೆದರೆ ಸಾಕು, ಹಾರೈಕೆ ತಾನಾಗಿ ಬರುತ್ತದೆ. ಅವರು ಬದುಕಿರುವವರೇ ಆಗಿರಬೇಕು. ಒಬ್ಬ ಎಳೆಯ ಭಿಕ್ಷು ತನ್ನ ಆಚಾರ್ಯನನ್ನು ನೆನೆದು ಎಷ್ಟು ಪ್ರಯತ್ನಿಸಿದರೂ ಮೈತ್ರಿ ಮೊಳೆಯಲಿಲ್ಲವಂತೆ. ಹಿರಿಯರಲ್ಲಿ ಹೋಗಿ ಕೇಳಿದಾಗ, ನೀನು ನೆನೆಯುವವರನ್ನು ಕುರಿತು ವಿಚಾರಿಸಿ ನೋಡು ಎಂದರು. ವಿಚಾರಿಸಿದರೆ ಆಚಾರ್ಯನು ತೀರಿಕೊಂಡಿದ್ದನು! ಅಗಲಿದವರಿಗೆ ಶ್ರದ್ಧೆ ಸಲ್ಲಬೇಕು, ನಿಜ; ಆದರೆ ಈ ಅಭ್ಯಾಸದ ಗುರಿ ನಾಳೆ ಬೆಳಗ್ಗೆ ಎದುರಿಗೆ ಸಿಗುವ ಜನ.

ಮೊದಲಿಗೇ ಅತ್ಯಂತ ಪ್ರೀತಿಪಾತ್ರರನ್ನೇಕೆ ಆರಿಸಬಾರದು? ಅವರಿಗೆ ಎಳ್ಳಷ್ಟು ನೋವಾದರೂ ಕಣ್ಣೀರು ಬರುತ್ತದೆ. ಅಲ್ಲಿ ಮನಸ್ಸು ತೂಗಿ ನಿಲ್ಲದು. ಇದಕ್ಕೊಂದು ಕಥೆಯೂ ಉಂಟು. ಅಮಾತ್ಯನ ಮಗನೊಬ್ಬನು, ಮೈತ್ರಿಯನ್ನು ಯಾರ ಮೇಲೆ ಅಭ್ಯಾಸ ಮಾಡಲಿ ಎಂದು ತನ್ನ ಮನೆಗೆ ಬರುತ್ತಿದ್ದ ಸ್ಥವಿರನನ್ನು ಕೇಳಿದನು. ಪ್ರಿಯರಾದವರ ಮೇಲೆ ಎಂದನು ಸ್ಥವಿರ. ಪಾಪ, ಅವನಿಗೆ ಪ್ರಿಯಳಾದವಳು ಹೆಂಡತಿ! ಕೋಣೆಯ ಬಾಗಿಲು ಹಾಕಿಕೊಂಡು ಅವಳನ್ನೇ ಧ್ಯಾನಿಸುತ್ತ ಕುಳಿತವನು ಮೋಹದಿಂದ ಕುರುಡಾಗಿ, ಬಾಗಿಲೆಲ್ಲೆಂದು ಕಾಣದೆ, ಇರುಳೆಲ್ಲ ಗೋಡೆಯೊಡನೆ ಗುದ್ದಾಡಿದನಂತೆ. ನಗು ಬರುವ ಕಥೆಯಾದರೂ ಅದರೊಳಗಿನ ತಿರುಳು ದೊಡ್ಡದು. ಮೈತ್ರಿಗೆ ದೂರದ ಶತ್ರು ದ್ವೇಷ. ಹತ್ತಿರದ ಶತ್ರು ಮೋಹ. ದ್ವೇಷವನ್ನು ಯಾರೂ ಮೈತ್ರಿಯೆಂದು ತಪ್ಪು ತಿಳಿಯಲಾರರು. ಮೋಹವಾದರೋ ಮೈತ್ರಿಯ ಸೀರೆಯುಟ್ಟು ಮನೆಯೊಳಗೇ ಓಡಾಡುತ್ತದೆ. ಮಗ ನನ್ನ ಮಾತನ್ನೇ ಕೇಳಬೇಕೆಂಬ ತಾಯಿ, ಹೆಂಡತಿ ತವರಿಗೆ ಹೋದರೆ ಮುನಿಸಿಕೊಳ್ಳುವ ಗಂಡ, ಇವರಲ್ಲಿ ಪ್ರೀತಿಯಿಲ್ಲವೆಂದು ಯಾರು ಹೇಳಬಲ್ಲರು? ಆದರೆ ಆ ಪ್ರೀತಿ ಎದುರಿನವರ ಸುಖವನ್ನು ಬಯಸುವುದಕ್ಕಿಂತ ಹೆಚ್ಚಾಗಿ ಎದುರಿನವರನ್ನೇ ಬಯಸುತ್ತದೆ. ನಮ್ಮ ಮನೆಗಳ ಜಗಳಗಳಲ್ಲಿ ಅರ್ಧಕ್ಕರ್ಧ ದ್ವೇಷದಿಂದ ಹುಟ್ಟಿದುವಲ್ಲ, ಇದರಿಂದಲೇ ಹುಟ್ಟಿದುವು.

ಮೂರನೆಯ ಮೆಟ್ಟಿಲು ಹೆಸರು ತಿಳಿಯದವನದು, ಅಂದರೆ ಒಲವೂ ಇಲ್ಲದ ಹಗೆಯೂ ಇಲ್ಲದ ಮಧ್ಯಸ್ಥನದು. ಆಸ್ಪತ್ರೆಯ ನೆಲ ಒರೆಸುವಾಕೆ, ಟಿಕೆಟು ಕೊಡುವ ಗುಮಾಸ್ತ, ಬೆಂಚಿನ ಮೇಲೆ ಪಕ್ಕದಲ್ಲಿರುವ ಅಪರಿಚಿತ. ದಿನದ ಹೆಚ್ಚಿನ ಹೊತ್ತು ನಾವು ಇಂಥವರ ನಡುವೆಯೇ ಕಳೆಯುತ್ತೇವೆ. ಅವರನ್ನು ನೋಡಿಯೂ ನೋಡಿರುವುದಿಲ್ಲ. ಅವರಲ್ಲಿ ಒಬ್ಬರನ್ನು ಆರಿಸಿಕೊಂಡು, ಇವರಿಗೂ ಮನೆಯುಂಟು, ಇವರಿಗೂ ಇಂದು ಏನೋ ಒಂದು ಚಿಂತೆಯಿದ್ದೀತು ಎಂದು ಐದು ನಿಮಿಷ ನೆನೆದು ಒಳಿತು ಕೋರುವುದು. ಸಂಸ್ಕೃತವೂ ಬೇಡ, ಪಾಳಿಯೂ ಬೇಡ. ತುಳುವ ಮನೆಗಳಲ್ಲಿ ಹಿರಿಯರು ಕಾಲಿಗೆರಗಿದವರಿಗೆ ಹೇಳುವ 'ಎಡ್ಡೆ ಆವಡ್' ಎಂಬ ಎರಡು ಮಾತು ಧಾರಾಳವಾಗಿ ಸಾಕು. ಇಡೀ ಅಭ್ಯಾಸದಲ್ಲಿ ಅತಿ ಕಡಿಮೆ ಗಮನಕ್ಕೆ ಬರುವ ಮೆಟ್ಟಿಲೂ ಇದೇ, ಅತಿ ಹೆಚ್ಚು ಫಲ ಕೊಡುವುದೂ ಇದೇ ಎನ್ನಬೇಕು.

ಎಂಟು ಹೊನ್ನಿನ ಪಾತ್ರೆ

ಕೊನೆಯವನು ವೈರಿ. ಅವನ ಮುಖ ನೆನೆದೊಡನೆ ಹಳೆಯ ಗಾಯ ಬಿಚ್ಚಿ, ಕಷ್ಟಪಟ್ಟು ಕೂಡಿಸಿದ ಸಮಾಧಾನ ಚೆದರುತ್ತದೆ. ಹಾಗಾದರೆ ನಾಚಬೇಕಾಗಿಲ್ಲ, ಹಿಂದಿನ ಮೆಟ್ಟಿಲಿಗೆ ಇಳಿದು ಅಲ್ಲಿ ಮತ್ತೆ ಬೇರೂರಿ ಬರಬೇಕು. ಆಗಲೂ ಆಗದಿದ್ದರೆ? ಬುದ್ಧಘೋಷ ಒಂದರ ಮೇಲೊಂದು ಉಪಾಯ ಹೇಳುತ್ತ ಹೋಗುತ್ತಾನೆ. ಅವನಲ್ಲಿ ಒಂದಾದರೂ ಒಳ್ಳೆಯ ಗುಣವಿರಬೇಕು, ಅದನ್ನು ಹುಡುಕು. ಕೋಪದಿಂದ ಕೆಡುವುದು ಯಾರು ನೋಡು: ಇನ್ನೊಬ್ಬನಿಗೆ ಎಸೆಯಲೆಂದು ಕೆಂಡವನ್ನೋ ಹೇಸಿಗೆಯನ್ನೋ ಎತ್ತಿಕೊಂಡವನ ಕೈಯೇ ಮೊದಲು ಸುಡುತ್ತದೆ, ನಾರುತ್ತದೆ. ಅದೂ ಸಾಗದಿದ್ದರೆ ವಿಂಗಡಿಸಿ ಕೇಳು: ನಿನ್ನ ಸಿಟ್ಟು ಅವನ ತಲೆಗೂದಲಿನ ಮೇಲೆಯೋ, ಉಗುರಿನ ಮೇಲೆಯೋ, ಹಲ್ಲಿನ ಮೇಲೆಯೋ?

ಇದಾವುದಕ್ಕೂ ಜಗ್ಗದ ಕೋಪಕ್ಕೆ ಕೊನೆಯ ಮದ್ದು ಬಹು ಲೌಕಿಕವಾದುದು: ಅವನಿಗೆ ಏನನ್ನಾದರೂ ಕೊಡು. ಸಿಂಹಳದ ಚಿತ್ತಲಪಬ್ಬತವೆಂಬ ವಿಹಾರದಲ್ಲಿ ಒಬ್ಬ ಬಡ ಭಿಕ್ಷುವಿದ್ದನು. ಹಿರಿಯ ಭಿಕ್ಷುವೊಬ್ಬನು ಹಗೆಯಿಂದ ಅವನನ್ನು ಮೂರು ಬಾರಿ ಇದ್ದ ಕೋಣೆಯಿಂದ ಎಬ್ಬಿಸಿ ಕಳುಹಿಸಿದ್ದನು. ಮೂರು ಬಾರಿಯೂ ಜೋಳಿಗೆ ಹೊತ್ತು ಹೊರಟ ಆ ಭಿಕ್ಷು, ಒಂದು ದಿನ ತನ್ನ ಪಾತ್ರೆಯನ್ನು ತಂದು ಹಿರಿಯನ ಮುಂದಿಟ್ಟನು. ಎಂಟು ಹೊನ್ನು ಬೆಲೆಯ ಈ ಪಾತ್ರೆಯನ್ನು ಕೊಟ್ಟವಳು ನನ್ನ ತಾಯಿ, ನ್ಯಾಯವಾಗಿ ಬಂದುದು, ತಾವು ಸ್ವೀಕರಿಸಿದರೆ ಅವಳಿಗೆ ಪುಣ್ಯ ಬರುತ್ತದೆ ಎಂಬುದು ಅವನ ಬಿನ್ನಹ. ತಾಯಿ ಕೊಟ್ಟ ಪಾತ್ರೆಯನ್ನು ಕೊಡುವಾಗ ಅವನ ಕೈ ನಡುಗಿತೆ, ಪಡೆದ ಹಿರಿಯನ ತಲೆ ತಗ್ಗಿತೆ? ಗ್ರಂಥ ಅದನ್ನು ಹೇಳುವುದಿಲ್ಲ. ನಮ್ಮ ಕಾಲದಲ್ಲಿ ಬೇಲಿಯಾಚೆಯ ಮನೆಗೆ ಹಲಸಿನ ಹಣ್ಣೊಂದನ್ನು ಕಳುಹಿಸಿ ಹತ್ತು ವರ್ಷದ ಮೌನ ಮುರಿದವರು ಈ ಕಥೆಯನ್ನು ಓದದೆಯೇ ಬಲ್ಲರು.

ಇಷ್ಟೆಲ್ಲ ಆದಮೇಲೆ ಒಂದು ಪರೀಕ್ಷೆಯುಂಟು. ಪ್ರಿಯನೊಬ್ಬ, ಮಧ್ಯಸ್ಥನೊಬ್ಬ, ವೈರಿಯೊಬ್ಬ, ಇವರೊಡನೆ ಸಾಧಕನೂ ಕುಳಿತಿರುವಾಗ ಕಳ್ಳರು ಬಂದು, ಬಲಿ ಕೊಡಲು ಒಬ್ಬನನ್ನು ಒಪ್ಪಿಸು ಎಂದರೆ ಏನು ಮಾಡಬೇಕು? ವೈರಿಯನ್ನು ತೋರಿಸಿದರೆ ಮೈತ್ರಿ ಸಿದ್ಧಿಸಲಿಲ್ಲವೆಂಬುದು ಸ್ಪಷ್ಟ. ನನ್ನನ್ನೇ ಒಯ್ಯಿರಿ ಎಂದರೆ? ಅದೂ ತಪ್ಪೆನ್ನುತ್ತಾನೆ ಬುದ್ಧಘೋಷ! ತಾನು ಬೇರೆ, ಉಳಿದವರು ಬೇರೆ ಎಂಬ ಗೆರೆ ಅಲ್ಲಿಯೂ ಉಳಿಯಿತು. ನಾಲ್ವರಲ್ಲಿ ಯಾರನ್ನೂ ಕೊಡಲು ಮನಸ್ಸು ಬಾರದಿದ್ದರೆ ಮಾತ್ರ ಗಡಿ ಒಡೆಯಿತೆಂದು ಅರ್ಥ. ಇದಕ್ಕೆ ಅವನಿಟ್ಟ ಹೆಸರು 'ಸೀಮಾಸಂಭೇದ'. ಮನೆಯವರಿಗಾಗಿ ತಮ್ಮನ್ನು ತಾವೇ ಸವೆಸಿಕೊಂಡು, ಊಟ ನಿದ್ರೆ ಬಿಟ್ಟು, ಕೊನೆಗೆ ಎಲ್ಲರ ಮೇಲೂ ಸಿಡಿಮಿಡಿಗೊಳ್ಳುವ ಗೃಹಿಣಿಯರೂ, ರೋಗಿಯ ಮಗ್ಗುಲಲ್ಲಿ ಹಗಲಿರುಳೂ ಕುಳಿತವರೂ ಈ ಮಾತನ್ನು ಎರಡು ಸಲ ಓದಬೇಕು.

ಪ್ರಯೋಗಶಾಲೆಯ ಸಾಕ್ಷ್ಯ

ಮೈತ್ರಿಗೆ ಹನ್ನೊಂದು ಫಲಗಳೆಂದು ಬೌದ್ಧರ ಅಂಗುತ್ತರನಿಕಾಯ ಎಣಿಸುತ್ತದೆ. ಅವುಗಳಲ್ಲಿ ಮೊದಲ ಮೂರೂ ನಿದ್ರೆಯ ಮಾತೇ: ಸುಖವಾಗಿ ಮಲಗುವುದು, ಸುಖವಾಗಿ ಏಳುವುದು, ಕೆಟ್ಟ ಕನಸು ಕಾಣದಿರುವುದು. ಆ ಕಾಲದವರಿಗೂ ನಿದ್ರೆ ಇಷ್ಟು ದುರ್ಲಭವಾಗಿತ್ತೆ ಎಂದು ಆಶ್ಚರ್ಯವಾಗುತ್ತದೆ.

ಅಮೆರಿಕದ ಮನಶ್ಶಾಸ್ತ್ರಜ್ಞೆ ಬಾರ್ಬರಾ ಫ್ರೆಡ್ರಿಕ್ಸನ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಉದ್ಯೋಗದಲ್ಲಿದ್ದ 139 ಮಂದಿಯಲ್ಲಿ ಅರ್ಧ ಜನರಿಗೆ ಈ ಅಭ್ಯಾಸವನ್ನು ಕಲಿಸಿದರು; ಉಳಿದವರನ್ನು ಹೋಲಿಕೆಗಾಗಿ ಕಾಯಿಸಿದರು. ಅಭ್ಯಾಸ ಮಾಡಿದವರಲ್ಲಿ ವಾರಗಳು ಕಳೆದಂತೆ ಪ್ರಸನ್ನತೆ ಬೆಳೆಯಿತು. ಅದರ ಬೆನ್ನಿಗೆ ಇತರರ ಆಸರೆ ತಮಗುಂಟೆಂಬ ಭಾವನೆ ಹೆಚ್ಚಿತು, ಖಿನ್ನತೆಯ ಲಕ್ಷಣಗಳು ಇಳಿದುವು. ಅದೇ ವರ್ಷ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದವರು ಇನ್ನೊಂದನ್ನು ಕಂಡರು. ಪ್ರೀತಿಪಾತ್ರರಿಬ್ಬರು ಅಕ್ಕಪಕ್ಕದಲ್ಲಿ ನಿಂತಿರುವಂತೆ ಭಾವಿಸಿ, ಆ ಒಲವನ್ನು ಅಪರಿಚಿತನ ಭಾವಚಿತ್ರದ ಕಡೆಗೆ ತಿರುಗಿಸಿದರೆ ಕೆಲವೇ ನಿಮಿಷಗಳಲ್ಲಿ ಆ ಅಪರಿಚಿತನು ತುಸು ಹತ್ತಿರದವನಾಗಿ ತೋರಿದನು. 2013ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಸಂಶೋಧಕರು ಎರಡು ವಾರ, ದಿನಕ್ಕೆ ಅರ್ಧ ಗಂಟೆ ಕರುಣೆಯ ಅಭ್ಯಾಸ ಮಾಡಿಸಿ ಕೈಗೆ ಹಣ ಕೊಟ್ಟು ನೋಡಿದರು. ಅನ್ಯಾಯಕ್ಕೊಳಗಾದ ಅಪರಿಚಿತನಿಗಾಗಿ ಇವರು ಇತರರಿಗಿಂತ ಹೆಚ್ಚು ಹಣ ಬಿಟ್ಟುಕೊಟ್ಟರು. ಇವೆಲ್ಲ ಚಿಕ್ಕ ಪ್ರಯೋಗಗಳು. ಇವುಗಳಿಂದ ರಕ್ತದೊತ್ತಡದ ಗುಳಿಗೆಯನ್ನು ಎಸೆಯಬಹುದೆಂದಾಗಲಿ, ವೈದ್ಯರ ಬಾಗಿಲು ತಟ್ಟಬೇಕಿಲ್ಲವೆಂದಾಗಲಿ ಯಾರೂ ಭಾವಿಸಬಾರದು.

ಇನ್ನೊಂದು ಎಚ್ಚರಿಕೆಯೂ ಅಗತ್ಯ. ಹೊಡೆಯುವ ಗಂಡನಿಗೆ ಒಳಿತು ಕೋರುತ್ತ ಮೂಲೆಯಲ್ಲಿ ಕುಳಿತಿರು ಎಂದು ಹೆಣ್ಣುಮಗಳಿಗೆ ಹೇಳುವುದು ಮೈತ್ರಿಯಲ್ಲ, ಕ್ರೌರ್ಯ. ಆಕೆ ಮೊದಲು ಸುರಕ್ಷಿತವಾದ ಮನೆಗೆ ಹೋಗಬೇಕು. ತನಗೆ ತಾನು ಹಾರೈಸಿಕೊಳ್ಳುವುದೆಂದರೆ ಅದೂ ಸೇರಿತು. ಬುದ್ಧಘೋಷನೂ ವೈರಿಯನ್ನು ಮೊದಲ ಮೆಟ್ಟಿಲಲ್ಲಿ ಇಡಲಿಲ್ಲವಷ್ಟೆ.

ಕನ್ನಡನಾಡಿನಲ್ಲಿ ಇದನ್ನು ಕಲಿಯಬಯಸುವವರಿಗೆ ದಾರಿಗಳಿವೆ. ಇಂಫಾಲದಲ್ಲಿ ಹುಟ್ಟಿ, ಎರಡನೆಯ ಮಹಾಯುದ್ಧವನ್ನು ಕಂಡು ಬೇಸತ್ತು ಭಿಕ್ಷುವಾದ ಆಚಾರ್ಯ ಬುದ್ಧರಕ್ಖಿತರು 1956ರಲ್ಲಿ ಬೆಂಗಳೂರಿನ ಗಾಂಧಿನಗರದಲ್ಲಿ ಮಹಾಬೋಧಿ ಸೊಸೈಟಿಯನ್ನು ಸ್ಥಾಪಿಸಿದರು. ಅವರು ಮೆತ್ತಾ ಕುರಿತು ಇಂಗ್ಲಿಷಿನಲ್ಲಿ ಬರೆದ ಕಿರುಹೊತ್ತಗೆ 1989ರಲ್ಲಿ ಸಿಂಹಳದ ಕ್ಯಾಂಡಿಯಿಂದ ಹೊರಬಂದು ಹಲವು ದೇಶಗಳಲ್ಲಿ ಓದಿಸಿಕೊಂಡಿದೆ. ಆಚಾರ್ಯರು 2013ರಲ್ಲಿ ತೀರಿಕೊಂಡರು. ಬೆಂಗಳೂರಿನ ಬಳಿಯ ಆಲೂರಿನ ಧಮ್ಮಪಫುಲ್ಲದಂಥ ವಿಪಶ್ಯನಾ ಕೇಂದ್ರಗಳಲ್ಲಿ, ಹತ್ತು ದಿನದ ಶಿಬಿರದ ಹತ್ತನೆಯ ದಿನ ಮೈತ್ರಿಯನ್ನು ಕಲಿಸಿದ ಮೇಲೆಯೇ ಮೌನವನ್ನು ಬಿಡಿಸುತ್ತಾರೆ. ಮಾತಿಗೆ ಮರಳುವ ಮುನ್ನ ಮೈತ್ರಿ! ಕ್ರಮ ಸೊಗಸಾಗಿದೆ.

ಬಾಬುಗುಡ್ಡೆಯ ಸಮಾಧಿ

ಕುಳಿತು ಹಾರೈಸುವುದರಿಂದ ಜಗತ್ತಿಗೇನಾಯಿತು ಎಂಬ ಪ್ರಶ್ನೆ ಉಳಿಯಿತು. ಅದಕ್ಕೆ ಉತ್ತರ ಅತ್ತಾವರದಲ್ಲೇ ಇದೆ. ಅಲ್ಲಿಯ ಬಾಬುಗುಡ್ಡೆಯಲ್ಲಿ, ಬ್ರಹ್ಮಸಮಾಜದವರ ರುದ್ರಭೂಮಿಯಲ್ಲಿ, ಕುದ್ಮುಲ್ ರಂಗರಾಯರ ಸಮಾಧಿಯಿದೆ. ಅವರು ಬೌದ್ಧರಲ್ಲ. ಆದರೆ ಬುದ್ಧಘೋಷನು ಹೇಳಿದ ಗಡಿಯೊಡೆಯುವಿಕೆಗೆ ಈ ಊರಿನಲ್ಲಿ ಅವರಿಗಿಂತ ದೊಡ್ಡ ನಿದರ್ಶನ ಸಿಗಲಾರದು.

1859ರ ಜೂನ್ 29ರಂದು ಕಾಸರಗೋಡಿನ ಕಡೆಯ ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ ಹುಟ್ಟಿದ ರಂಗರಾಯರು ಮಂಗಳೂರಿಗೆ ಬಂದು ಉಪಾಧ್ಯಾಯರಾದರು, ಮುಂದೆ ವಕೀಲರಾದರು. ಅಸ್ಪೃಶ್ಯರೆಂದು ದೂರವಿಡಲ್ಪಟ್ಟವರ ಮಕ್ಕಳಿಗಾಗಿ 1892ರಲ್ಲಿ ಉರ್ವದ ಚಿಲಿಂಬಿಯಲ್ಲಿ ಶಾಲೆ ತೆರೆದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯನ್ನು ಕಟ್ಟಿದರು. ಜನರ ಬಾಯಲ್ಲಿ ಅದು ಡಿ.ಸಿ.ಎಂ. ಮೇಲುಜಾತಿಯ ಉಪಾಧ್ಯಾಯರು ಆ ಮಕ್ಕಳಿಗೆ ಕಲಿಸಲು ಬರಲಿಲ್ಲ. ಕ್ರೈಸ್ತ ಉಪಾಧ್ಯಾಯರು ಬಂದರು. ಸ್ವಜಾತಿಯವರು ರಾಯರನ್ನು ಹೊರಗಿಟ್ಟರು. ಬೀದಿಯಲ್ಲಿ ಅವಮಾನ, ಮನೆಯವರಿಗೆ ಬಹಿಷ್ಕಾರ. ನಿತ್ಯ ಬದುಕೇ ಒಂದು ಯಾತನೆಯಾಯಿತು. ಮಗಳು ರಾಧಾಬಾಯಿಯನ್ನು ಬೇರೆ ಜಾತಿಯ, ಬೇರೆ ಭಾಷೆಯ ಪಿ. ಸುಬ್ಬರಾಯನ್ ಅವರಿಗೆ ಮದುವೆ ಮಾಡಿಕೊಟ್ಟು ಅವರು ಮತ್ತೊಂದು ಗಡಿಯನ್ನೂ ಮೆಟ್ಟಿದರು. ಆ ಅಳಿಯ ಮುಂದೆ ಮದರಾಸು ಪ್ರಾಂತದ ಮುಖ್ಯಮಂತ್ರಿಯಾದರು; ಆ ಮಗಳು 1938ರಲ್ಲಿ ದೆಹಲಿಯ ರಾಜ್ಯಪರಿಷತ್ತನ್ನು ಪ್ರವೇಶಿಸಿದ ಮೊದಲ ಮಹಿಳೆಯಾದರು.

ಇಲ್ಲಿ ಗಮನಿಸಬೇಕಾದುದೊಂದಿದೆ. ಆ ಮಕ್ಕಳು ರಂಗರಾಯರಿಗೆ ಬಂಧುಗಳಲ್ಲ, ಹಗೆಗಳೂ ಅಲ್ಲ. ಊರು ನೋಡಿಯೂ ನೋಡದೆ ಬಿಟ್ಟಿದ್ದ ಆ ಮೂರನೆಯ ಮೆಟ್ಟಿಲಿನ ಜನ. ಅವರನ್ನು ಕಣ್ಣೆತ್ತಿ ನೋಡಿದ್ದಕ್ಕಾಗಿಯೇ ರಾಯರಿಗೆ ವೈರಿಗಳು ಹುಟ್ಟಿದರು. ತಮ್ಮನ್ನು ಹೊರಗಿಟ್ಟ ಊರನ್ನು ರಾಯರು ಬಿಟ್ಟು ಹೋಗಲಿಲ್ಲ. ಅಲ್ಲೇ ನಿಂತು ಶಾಲೆಯ ಮೇಲೆ ಶಾಲೆ ತೆರೆದರು. ತಮ್ಮಲ್ಲಿ ಕಲಿತ ಮಗುವೊಂದು ದೊಡ್ಡ ಕೆಲಸಕ್ಕೆ ಸೇರಿ, ಈ ಊರಿನ ಬೀದಿಯಲ್ಲಿ ಕಾರಿನಲ್ಲಿ ಹೋಗಬೇಕು, ಆ ಚಕ್ರದ ಧೂಳು ತಮ್ಮ ತಲೆಯ ಮೇಲೆ ಬೀಳಬೇಕು ಎಂಬ ಅವರ ಆಸೆ ಜಿಲ್ಲೆಯಲ್ಲಿ ಇಂದಿಗೂ ಮನೆಮಾತು. ಯಾವ ಜಾತಿಯ ನೆರಳು ಬಿದ್ದರೂ ಮೈಲಿಗೆಯೆನ್ನುತ್ತಿದ್ದ ಕಾಲದಲ್ಲಿ, ಅದರ ಧೂಳನ್ನೇ ತಲೆಗೆ ಬೇಡಿದ ಹಾರೈಕೆ ಅದು.

1927ರಲ್ಲಿ ರಂಗರಾಯರು ಸಂನ್ಯಾಸ ಸ್ವೀಕರಿಸಿದರು. ಈಶ್ವರಾನಂದ ಎಂಬ ಹೆಸರು ತಳೆದರು. 1928ರ ಜನವರಿ 30ರಂದು ಕಣ್ಣು ಮುಚ್ಚಿದರು. ಅವರ ಇಚ್ಛೆಯಂತೆ ಅಂತ್ಯಕ್ರಿಯೆಯನ್ನು ನಡೆಸಿದವರು ಊರು ಎಲ್ಲರಿಗಿಂತ ಕೆಳಗೆ ಇಟ್ಟಿದ್ದ ಜನ. ಆರು ವರ್ಷ ಕಳೆದು, 1934ರ ಫೆಬ್ರವರಿಯಲ್ಲಿ ಮಂಗಳೂರಿಗೆ ಬಂದ ಗಾಂಧೀಜಿ ಅವರ ಕಾರ್ಯವನ್ನು ಕೊಂಡಾಡಿದರು. ನಗರದ ಪುರಭವನಕ್ಕೆ ಈಗ ರಂಗರಾಯರದೇ ಹೆಸರು. ಸಭೆ ಸಮಾರಂಭಗಳಿಗೆ ಅಲ್ಲಿಗೆ ಹೋಗುವವರು ಬಹಳ; ಬಾಬುಗುಡ್ಡೆಯ ಸಮಾಧಿಯ ದಾರಿಯನ್ನು ಕೇಳುವವರು ಕಡಿಮೆ. ರೈಲು ನಿಲ್ದಾಣದಲ್ಲಿ ಇಳಿದವರು ನಡೆದೇ ಹೋಗಬಹುದಾದಷ್ಟು ದೂರ.